ಶಿರಸಿ ಮನೆಯ ಕೀಲಿ

ಗೆಳೆಯಾ,

ಶಿರಸಿ ಮನೆಯನ್ನು ಹೋಂಸ್ಟೇ ಮಾಡಬೇಕು, ಆದರೆ ಗುರುತು ಪರಿಚಯ ಇಲ್ಲದವರ ಕೈಗೆ ಕೀಲಿ ಕೊಡಲು ಧೈರ್ಯ ಬರುತ್ತಿಲ್ಲ ಅಂತ ಬರೆದಿದ್ದೆ. ಟಿವಿ, ಇನ್ವರ್ಟರ್, ತಾಮ್ರದ ಹಂಡೆ ಎಲ್ಲವನ್ನೂ ಒಂದು ಕೋಣೆಗೆ ತುಂಬಿ ಬೀಗ ಜಡಿಯುವ ಯೋಚನೆ ನಿನ್ನದು. ಅಷ್ಟೆಲ್ಲ ಬೇಡ ಮಾರಾಯಾ.

2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಸಂಶೋಧಕರು ಭಾರತವೂ ಸೇರಿ 40 ದೇಶಗಳಲ್ಲಿ 17 ಸಾವಿರಕ್ಕೂ ಜಾಸ್ತಿ ಪರ್ಸ್‌ಗಳನ್ನು ಬ್ಯಾಂಕು, ಹೋಟೆಲು, ಅಂಚೆ ಕಚೇರಿಗಳ ಕೌಂಟರಿಗೆ ಕೊಟ್ಟು ಬಂದರು. "ರಸ್ತೆಯಲ್ಲಿ ಸಿಕ್ಕಿತು, ನನಗೆ ಅರ್ಜೆಂಟ್ ಇದೆ, ನೀವೇ ನೋಡಿಕೊಳ್ಳಿ" ಅಂತ ಹೇಳಿ ಹೊರಟುಬಿಡುವುದು. ಒಳಗೆ ವಿಸಿಟಿಂಗ್ ಕಾರ್ಡು, ದಿನಸಿ ಚೀಟಿ, ಒಂದು ಕೀಲಿ. ಕೆಲವದರಲ್ಲಿ ದುಡ್ಡೂ ಇತ್ತು. ದುಡ್ಡಿಲ್ಲದ ಪರ್ಸ್ ಸಿಕ್ಕವರಲ್ಲಿ ನೂರಕ್ಕೆ 40 ಮಂದಿ ಕಾರ್ಡಿನಲ್ಲಿದ್ದ ಇಮೇಲ್‌ಗೆ ತಿಳಿಸಿದರು. ದುಡ್ಡಿದ್ದಾಗ 51 ಮಂದಿ! ನೀನಾದರೆ ಉಲ್ಟಾ ಹೇಳುತ್ತಿದ್ದೆ, ಅಲ್ವಾ?

ನನಗೆ ಹಿಡಿಸಿದ್ದು ಆ ಕೀಲಿಯ ವಿಷಯ. ಅಮೆರಿಕ, ಬ್ರಿಟನ್, ಪೋಲೆಂಡ್‌ನಲ್ಲಿ ಕೆಲವು ಪರ್ಸ್‌ಗಳನ್ನು ಕೀಲಿ ಇಡದೆಯೂ ಕೊಟ್ಟು ನೋಡಿದರು. ಕೀಲಿ ಇದ್ದವಕ್ಕೇ ಜಾಸ್ತಿ ಉತ್ತರ ಬಂತು. ಸಿಕ್ಕವರಿಗೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ. ಕಳೆದುಕೊಂಡವನು ಮಾತ್ರ ಮನೆ ಮುಂದೆ ನಿಂತು ಪರದಾಡಬೇಕು. ಮುಖ ನೋಡದವನ ಬಗ್ಗೆಯೂ ಜನ ಅಷ್ಟು ಯೋಚಿಸುತ್ತಾರೆ.

ಹಾಗಂತ ಮಹಾರಾಷ್ಟ್ರದ ಶನಿ ಶಿಂಗಣಾಪುರದ ಹಾಗೆ ಎಲ್ಲ ತೆರೆದಿಡು ಅಂತಲ್ಲ. ಅಲ್ಲಿ ಎಷ್ಟೋ ಮನೆಗಳಿಗೆ ಚೌಕಟ್ಟು ಇದೆ, ಕದ ಇಲ್ಲ. 2011ರಲ್ಲಿ ಯೂಕೋ ಬ್ಯಾಂಕು ಬೀಗವಿಲ್ಲದ ಶಾಖೆಯನ್ನೇ ತೆರೆಯಿತು. ಆದರೆ ಅಲ್ಲಿ ಶನಿದೇವರ ಕಾವಲಿದೆ ಎಂಬ ನಂಬಿಕೆ. ವಾರದ ಕೊನೆಗೆ ಜೋಗ ನೋಡಲು ಬರುವವರಿಗೆ ಎಲ್ಲಿಯ ಶನಿ! ಚಿನ್ನ, ಜಮೀನಿನ ಪತ್ರ ಲಾಕರಿನಲ್ಲೇ ಇರಲಿ.

ಟಿವಿ ಹೋದರೆ ಇನ್ನೊಂದು ಬರುತ್ತದೆ. ನನಗೆ ಚಿಂತೆ ಇರುವುದು ಅಡುಗೆಮನೆ ನಾಗಂದಿಗೆಯ ಮೇಲಿರುವ ನಿಮ್ಮಮ್ಮನ ನೋಟ್‌ಬುಕ್ಕಿನದು. ರಟ್ಟು ಕಿತ್ತುಹೋಗಿದೆ. ಅಪ್ಪೆಮಿಡಿ ಉಪ್ಪಿನಕಾಯಿಯ ಪುಟಕ್ಕೆ ಎಣ್ಣೆ ಮೆತ್ತಿದೆ, ಪಕ್ಕದಲ್ಲೇ ಪೆನ್ಸಿಲ್ಲಿನಲ್ಲಿ 'ಉಪ್ಪು ಸಾಲದು' ಅಂತ ಬರೆದಿದ್ದಾರೆ. ಅದನ್ನು ಯಾರೂ ಕದಿಯುವುದಿಲ್ಲ. ಆದರೆ ಹಳೇ ಪೇಪರು ಅಂದುಕೊಂಡು ಯಾರಾದರೂ ಬಚ್ಚಲೊಲೆಗೆ ಹಾಕಿದರೆ? ಅದಕ್ಕೆ ಕಳ್ಳನೇ ಬರಬೇಕಾಗಿಲ್ಲ, ಒಳ್ಳೆಯವರೇ ಸಾಕು. ಅದನ್ನೂ ನಿಮ್ಮಪ್ಪನ ಅಡಿಕೆ ಲೆಕ್ಕದ ಪುಸ್ತಕಗಳನ್ನೂ ಮೊದಲು ಬೆಂಗಳೂರಿಗೆ ತಂದುಬಿಡು. ಹಂಡೆ ಬಚ್ಚಲಲ್ಲೇ ಇರಲಿ, ಬಂದವರು ನೀರು ಕಾಯಿಸಿಕೊಳ್ಳಲಿ.

ಉಪ್ಪಿನಕಾಯಿ ಪುಟದ್ದೊಂದು ಫೋಟೋ ತೆಗೆದು ನನಗೂ ಕಳಿಸು. ಮನೆಯಲ್ಲಿ ಕೇಳುತ್ತಿದ್ದಾರೆ.

ನಿನ್ನ ಗೆಳೆಯ