ಯಾವ ಟೈಪ್ ಅಂತ ಕೇಳದವಳಿಗೆ

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಶುರುವಾಗಿ ಈ ವಾರಕ್ಕೆ ವರ್ಷ ತುಂಬಿತು. ಮೊನ್ನೆ ಬಂದ ರಿಪೋರ್ಟಿನಲ್ಲಿ ಎಚ್‌ಬಿಎ1ಸಿ, ಅಂದರೆ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಅಂಕಿ, 6.9. ಹೋದ ವರ್ಷ ಇದೇ ಹೊತ್ತಿಗೆ 11ರ ಮೇಲಿತ್ತು. ಏಳರ ಒಳಗೆ ಬಂದರೆ ಸಾಕು ಅಂದಿದ್ದರು ಡಾಕ್ಟರು, ಬಂದಿದೆ. ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳುವ ಬದಲು ಇಲ್ಲೇ ಬರೆದುಬಿಡೋಣ ಅನ್ನಿಸಿತು.

ಗುಳಿಗೆಯಿಂದ ಸೂಜಿಗೆ ಬಂದ ಕತೆ, ಬ್ಲೌಸೆಲ್ಲ ಸಡಿಲವಾದ ಕತೆ ನಿಮಗೆ ಗೊತ್ತೇ ಇದೆ. ಗೊತ್ತಿಲ್ಲದ್ದು ಒಂದೇ, ಅದು ನನಗೂ ಗೊತ್ತಿಲ್ಲ: ನನ್ನದು ಯಾವ ಟೈಪ್? ಮೊದಲು ಟೈಪ್ 2 ಅಂದರು. ನಲವತ್ತರ ಹತ್ತಿರದ ವಯಸ್ಸು, ಹಾಗನ್ನೋದು ಸಹಜ. ಗುಳಿಗೆ ನಾಟದೆ ಹೋದಾಗ ಬಳ್ಳಾರಿಯ ಡಾಕ್ಟರೊಬ್ಬರು "ಲಾಡಾ ಇರಬಹುದು" ಅಂದರು. ಇನ್ಸುಲಿನ್ ಮಾಡುವ ಜೀವಕೋಶಗಳನ್ನು ಮೈಯೇ ಶತ್ರು ಅಂತ ತಿಳಿದು ನಿಧಾನಕ್ಕೆ ಕೊಲ್ಲುತ್ತಾ ಹೋಗುವ ಕಾಯಿಲೆ ಅದು. ಟೈಪ್ 1ರ ಹಾಗೆಯೇ, ಆದರೆ ದೊಡ್ಡವರಾದ ಮೇಲೆ ಬರುತ್ತದೆ. ಎಷ್ಟೋ ಜನರಿಗೆ ಮೊದಲು ಟೈಪ್ 2 ಅಂತಲೇ ಔಷಧಿ ನಡೆದಿರುತ್ತದಂತೆ. ಮೈ ಹಾಗೆ ತನ್ನ ಮೇಲೆ ತಾನೇ ದಾಳಿ ಮಾಡುತ್ತಿದೆಯಾ ಅಂತ ನೋಡುವ ಗ್ಯಾಡ್ ಆಂಟಿಬಾಡಿ ಪರೀಕ್ಷೆ ಅಂಚಿನಲ್ಲಿ ಬಂತು. ಮೈಯಲ್ಲಿ ಸ್ವಂತ ಇನ್ಸುಲಿನ್ ಎಷ್ಟು ತಯಾರಾಗುತ್ತಿದೆ ಅಂತ ತೋರಿಸುವ ಸಿ-ಪೆಪ್ಟೈಡ್ ಕೂಡ ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. "ಹೆಸರು ಆಮೇಲೆ ಇಡೋಣಮ್ಮ, ಸದ್ಯ ಶುಗರ್ ಹಿಡಿತಕ್ಕೆ ತರೋಣ" ಅಂದರು. ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳುವ ಡಾಕ್ಟರು ಸಿಗೋದು ಕಷ್ಟ. ಅವರಿಗೆ ಕೈ ಮುಗಿಯುತ್ತೇನೆ.

ನೆಂಟರಿಗೆ ಮಾತ್ರ ಹೆಸರು ಬೇಕೇ ಬೇಕಿತ್ತು. ಟೈಪ್ 1 ಅಂದರೆ "ಅದು ಸಣ್ಣ ಹುಡುಗರಿಗೆ ಬರೋದಲ್ವಾ?" ಟೈಪ್ 2 ಅಂದರೆ "ಸಿಹಿ ಜಾಸ್ತಿ ತಿಂದಿರಬೇಕು." ಇನ್ನೂ ಗೊತ್ತಾಗಿಲ್ಲ ಅಂದರೆ, "ಹಂಗಾದ್ರ ಇನ್ಸುಲಿನ್ ಬಿಟ್ಟು ಹಾಗಲಕಾಯಿ ರಸ ಕುಡಿ."

ನನ್ನ ನೆಗೆಣ್ಣಿ ಒಬ್ಬಳೇ ಯಾವತ್ತೂ ಅದನ್ನು ಕೇಳಲಿಲ್ಲ. ಅವಳು ಕೇಳೋದು ಒಂದೇ: "ಈಗ ಎಷ್ಟೈತಿ ಅಕ್ಕಾ?"

ನಾವಿಬ್ಬರೂ ಮೊದಲಿಂದ ಹಾಲು-ಸಕ್ಕರೆ ಹಾಗೆ ಇದ್ದವರಲ್ಲ. ಒಂದೇ ಅಡುಗೆಮನೆ, ಇಬ್ಬರು ಸೊಸೆಯರು. ಮಾತು ಬಿಟ್ಟ ದಿನಗಳೂ ಇವೆ. ಆದರೆ ಮೇ ತಿಂಗಳ ಆ ರಾತ್ರಿ ನನ್ನ ಪಕ್ಕ ಕೂತವಳು ಅವಳೇ. ಮನೆಯವರು ರೈಸ್ ಮಿಲ್ಲಿನಲ್ಲಿ ರಾತ್ರಿ ಪಾಳಿಯಲ್ಲಿದ್ದರು. ಗಂಗಾವತಿಯ ಸೆಕೆ, ಮೇಲೆ ಕರೆಂಟಿಲ್ಲ. ಉಂಡದ್ದೆಲ್ಲ ವಾಂತಿಯಾಗಿ ಹೋಗಿತ್ತು, ಚುಚ್ಚಿಕೊಂಡ ಇನ್ಸುಲಿನ್ ಮಾತ್ರ ಒಳಗೆ ತನ್ನ ಕೆಲಸ ಮಾಡುತ್ತಿತ್ತು. ನೀರಿಗೆ ಅಂತ ಎದ್ದ ಅವಳು, ನಾನು ಹಾಸಿಗೆಯ ತುದಿಯಲ್ಲಿ ಬೆವರಿ, ನಡುಗುತ್ತಾ ಕೂತಿದ್ದನ್ನು ನೋಡಿದಳು. ಮೊಬೈಲನ್ನು ಗದ್ದದ ಕೆಳಗೆ ಒತ್ತಿ ಹಿಡಿದು, ಅದರ ಬೆಳಕಿನಲ್ಲಿ ನನ್ನ ಬೆರಳು ಚುಚ್ಚಿ ನೋಡಿದಳು. 46.

70ಕ್ಕಿಂತ ಕೆಳಗೆ ಬಂದರೇ ಅಪಾಯ ಅಂತ ಅವಳಿಗೆ ಗೊತ್ತಿತ್ತು. ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ, ವಾಂತಿಯಾಗದ ಹಾಗೆ ಗುಟುಕು ಗುಟುಕಾಗಿ ಕುಡಿಸಿದಳು. ನಾನು ಲೋಟ ತಳ್ಳಿದೆನಂತೆ, ಏನೇನೋ ಬೈದೆನಂತೆ. ಶುಗರ್ ಇಳಿದಾಗ ಹಾಗಾಗುತ್ತದೆ. "ಬೈರಿ, ಬೈಕೋತನ ಕುಡೀರಿ" ಅಂದಳಂತೆ. ಹದಿನೈದು ನಿಮಿಷ ಬಿಟ್ಟು ಮತ್ತೆ ಬೆರಳು: 58. ಮತ್ತೆ ಸಕ್ಕರೆ ನೀರು: 81. ಸ್ವಲ್ಪ ನೆಮ್ಮದಿಯಾಯಿತು ಅನ್ನುವಷ್ಟರಲ್ಲಿ ಮತ್ತೆ 66. ಇನ್ನೊಂದು ಸಲ ಇಳಿದರೆ ಫೋನ್ ಮಾಡೋದೇ ಅಂತ 108 ಒತ್ತಿ ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದಳು. ಇಳಿಯಲಿಲ್ಲ. ಹೊಟ್ಟೆ ತಡೆದ ಮೇಲೆ ಅರ್ಧ ಜೋಳದ ರೊಟ್ಟಿ ತಿನ್ನಿಸಿದಳು, ಸಕ್ಕರೆ ಏರಿಸಿದ್ದನ್ನು ಹಿಡಿದು ನಿಲ್ಲಿಸೋಕೆ. ಬೆಳಗಾಗುವಾಗ 112. ಆಮೇಲೆ ಎದ್ದು ಅಂಗಳಕ್ಕೆ ನೀರು ಹಾಕೋಕೆ ಹೋದಳು.

ಅಷ್ಟೇ ಅಲ್ಲ. ಪ್ರತಿ ಸಲ ಬಂದ ಅಂಕಿಯನ್ನೂ ಗಂಟೆಯನ್ನೂ ಗೋಡೆಯ ಕ್ಯಾಲೆಂಡರಿನ ಹಿಂಬದಿಗೆ ಬರೆದಿಟ್ಟಿದ್ದಳು. ಏಳನೇ ತರಗತಿಗೆ ಶಾಲೆ ಬಿಟ್ಟವಳು. ಆ ಹಾಳೆಯ ಫೋಟೋ ನೋಡಿಯೇ ಡಾಕ್ಟರು ರಾತ್ರಿಯ ಡೋಸ್ ಇಳಿಸಿದ್ದು. "ಯಾರು ಬರೆದಿದ್ದು? ನರ್ಸಾ?" ಅಂತ ಕೇಳಿದರು. ಮನೆಗೆ ಬಂದು ಹೇಳಿದೆ, ಸುಮ್ನೆ ನಕ್ಕಳು.

ಇನ್ನೊಂದು ವಿಷಯ ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಬರೆಯುತ್ತೇನೆ. ಒಂಬತ್ತನೇ ತರಗತಿಗೆ ಇನ್ಸುಲಿನ್ ಬಗ್ಗೆ ಹೇಳುತ್ತಿದ್ದೆ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಲಿಯೋನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಸಲ ಕೊಟ್ಟರು ಅಂದೆ. ಒಬ್ಬ ಹುಡುಗಿ ಎದ್ದು ನಿಂತು, "ಅದಕ್ಕಿಂತ ಮುಂಚೆ ಏನ್ ಮಾಡ್ತಿದ್ರು ಮೇಡಂ?" ಅಂತ ಕೇಳಿದಳು. ಅರೆಹೊಟ್ಟೆಯಲ್ಲಿಟ್ಟು ನಾಲ್ಕು ದಿನ ಹೆಚ್ಚಿಗೆ ಬದುಕಿಸುತ್ತಿದ್ದರು, ಆಮೇಲೆ ಮಕ್ಕಳು ಸಾಯುತ್ತಿದ್ದರು. ಬಾಯಿಗೆ ಬರಲಿಲ್ಲ. ಬೋರ್ಡಿನ ಕಡೆ ತಿರುಗಿ, ಒರೆಸಿದ್ದನ್ನೇ ಒರೆಸುತ್ತಾ ನಿಂತೆ. ನನಗೆ ಹುಟ್ಟಿದ ಕಾಲ ಒಳ್ಳೆಯದು ಅನ್ನಬೇಕೋ, ನನಗೇ ಯಾಕೆ ಬಂತು ಅಂತ ಅಳಬೇಕೋ ತಿಳಿಯಲಿಲ್ಲ. ಈಗಲೂ ಕೆಲವು ರಾತ್ರಿ ತಿಳಿಯೋದಿಲ್ಲ. ಬೆಲ್ ಹೊಡೆಯಿತು, ಹುಡುಗರು ಊಟಕ್ಕೆ ಓಡಿದರು, ನಾನೂ ಊಟಕ್ಕೆ ಹೋದೆ. ಹೊತ್ತಿಗೆ ಸರಿಯಾಗಿ ಉಣ್ಣಲೇಬೇಕಲ್ಲ.

ಅತ್ತೆಗೆ ಒಂದು ಮಾತು. ದೊಡ್ಡ ಗಡಿಗೆಯೊಳಗೆ ಸಣ್ಣ ಗಡಿಗೆ ಇಟ್ಟು, ನಡುವೆ ಮರಳು ತುಂಬಿ, ದಿನಾ ನೀರು ಹಾಕಿ ನನ್ನ ಇನ್ಸುಲಿನ್ ಪೆನ್ ತಂಪಾಗಿ ಇಟ್ಟವರು ಅವರು. ನಮ್ಮ ಕಡೆಯ ಒಣ ಬಿಸಿಲಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಕರೆಂಟು ಹೋದರೆ ಈಗ ಎದೆ ಹೊಡೆದುಕೊಳ್ಳೋದಿಲ್ಲ. ಮನೆಯವರು, ಬೆಂಗಳೂರಿನ ತಮ್ಮ, ನನ್ನ ಪೀರಿಯಡ್ ತಗೊಂಡ ಸಹೋದ್ಯೋಗಿಗಳು, ಸಾಲ ಬರೆದುಕೊಂಡು ಸ್ಟ್ರಿಪ್ ಕೊಟ್ಟ ಮೆಡಿಕಲ್ ಶಾಪಿನ ಹುಡುಗ, ಎಲ್ಲರಿಗೂ ಧನ್ಯವಾದ.

ಸಿ-ಪೆಪ್ಟೈಡ್ ಮತ್ತೊಮ್ಮೆ ಮಾಡಿಸಬೇಕಿದೆ. ಟೈಪ್ ಗೊತ್ತಾದರೆ ನಾನೇ ತಿಳಿಸುತ್ತೇನೆ.

ಶಾಲೆಯವರಿಗೆ ಇನ್ನೊಂದು ಮಾತು. ಸ್ಟಾಫ್ ರೂಮಿನ ಬೀರುವಿನಲ್ಲಿ ಗ್ಲೂಕೋಸ್ ಡಬ್ಬಿ ಇದೆಯಲ್ಲ, ಅದು ನನ್ನ ಔಷಧಿ. ನಾನು ಮುಟ್ಟದೆಯೇ ಅರ್ಧಕ್ಕೆ ಬಂದಿದೆ. ಬಿಸಿಲಿಗೆ ಪಾನಕ ಮಾಡಿಕೊಂಡವರು ಯಾರೇ ಇರಲಿ, ಸೋಮವಾರ ಬರುವಾಗ ಹೊಸ ಡಬ್ಬಿ ತನ್ನಿ.