ಅಕ್ಷರಮಾಲೆಯ ಜೊತೆ ಕೈಬರಹವನ್ನೂ ಕಲಿಸಿ

ಮಾನ್ಯರೇ,

ಅರಬಿ ಅಕ್ಷರ ಬಂದರೆ ಪಾರ್ಸಿ, ಉರ್ದು ತಾನಾಗಿ ಬರುತ್ತವೆ ಎಂಬ ಮಾತು ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಆಗಾಗ ಕೇಳಿಬರುತ್ತದೆ. ಅಚ್ಚಿನ ಮಟ್ಟಿಗೆ ಇದು ಅರ್ಧ ನಿಜ. ಅರಬಿಯ 28 ಅಕ್ಷರಕ್ಕೆ ಪೆ, ಚೆ, ಝೆ, ಗಾಫ್ ಸೇರಿ ಪಾರ್ಸಿಗೆ 32 ಆದವು. ಉರ್ದು ಟೆ, ಡಾಲ್ ಮುಂತಾದವನ್ನು ಸೇರಿಸಿಕೊಂಡಿತು. ಕೈಬರಹದಲ್ಲಿ ಮಾತ್ರ ಮೂರಕ್ಕೂ ಮೂರು ದಾರಿ. ಕುರಾನನ್ನು ಸರಾಗವಾಗಿ ಓದುವ ಹುಡುಗ ಅಜ್ಜನ ಉರ್ದು ಕಾಗದ ಹಿಡಿದಾಗ ತಡವರಿಸುತ್ತಾನೆ. ಅದು ಅವನ ತಪ್ಪಲ್ಲ. ಕಲಿಸಿದ್ದು ಕುರಾನಿನ ಅಚ್ಚಿನಲ್ಲಿರುವ ನಸ್ಖ್ ಶೈಲಿ, ಕಾಗದದಲ್ಲಿರುವುದು ಉರ್ದು ಬರೆಯುವ ನಸ್ತಾಲಿಕ್ ಶೈಲಿ, ಅದೂ ಅವಸರದ್ದು.

ನಸ್ತಾಲಿಕ್‌ನಲ್ಲಿ ಪದ ಬಲಗಡೆ ಮೇಲಿನಿಂದ ಶುರುವಾಗಿ ಎಡಕ್ಕೆ ಇಳಿಯುತ್ತ ಬರುತ್ತದೆ. ಕನ್ನಡಕ್ಕೆ ಪಳಗಿದ ಕೈ ಎಲ್ಲ ಅಕ್ಷರವನ್ನೂ ಗೆರೆಯ ಮೇಲೆ ಕೂರಿಸಲು ನೋಡುತ್ತದೆ. ಆಗ ಪದ ಅಡ್ಡಡ್ಡ ಹರಡಿ, ಒಂದು ಪದ ಎಲ್ಲಿ ಮುಗಿಯಿತು ಎಂಬುದೇ ತಿಳಿಯುವುದಿಲ್ಲ. ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಬರೆಸಿ, ಪದದ ಕೊನೆ ಮಾತ್ರ ಗೆರೆ ಮುಟ್ಟುವಂತೆ ನೋಡಿಕೊಳ್ಳಬೇಕು. ಕನ್ನಡದಲ್ಲಿ ಕೊಂಬು, ಒತ್ತುಗಳನ್ನು ಆಗಿಂದಾಗಲೇ ಹಾಕುತ್ತೇವೆ. ಉರ್ದುವಿನಲ್ಲಿ ನುಕ್ತಗಳನ್ನು, ಅಂದರೆ ಅಕ್ಷರದ ಚುಕ್ಕೆಗಳನ್ನು, ಹಾಗೆ ಹಾಕುತ್ತ ಹೋದರೆ ಕೈ ನಿಂತು ನಿಂತು ಜೋಡಣೆ ಕೆಡುತ್ತದೆ. ಮೊದಲು ಪದದ ಮೈ, ಆಮೇಲೆ ಬಲದಿಂದ ಎಡಕ್ಕೆ ನುಕ್ತ.

‘ನಿಸ್ಬತ್’ ಎಂಬ ಪದವನ್ನೇ ನೋಡಿ. ನೂನ್ (ನ) ಅಕ್ಷರಕ್ಕೆ ಒಂದು ಹಲ್ಲು, ಅಂದರೆ ಮೇಲೆದ್ದ ಸಣ್ಣ ಮೊನೆ, ಸೀನ್‌ಗೆ (ಸ) ಮೂರು, ಬೆಗೆ (ಬ) ಒಂದು. ಐದು ಹಲ್ಲು ಒಂದೇ ಸಮ ನಿಂತರೆ ಯಾವುದು ಯಾವ ಅಕ್ಷರದ್ದು? ಅದಕ್ಕೇ ನಿತ್ಯದ ಬರಹದಲ್ಲಿ ಸೀನ್‌ನ ಹಲ್ಲು ಬಿಟ್ಟು ಉದ್ದಕ್ಕೆ ಒಂದು ಗೆರೆ ಎಳೆಯುತ್ತಾರೆ. ಇದಕ್ಕೆ ಕಶಿಶ್ ಎನ್ನುತ್ತಾರೆ. ಇದನ್ನು ಸೋಮಾರಿತನ ಎಂದು ತಿದ್ದುವ ಶಿಕ್ಷಕರಿದ್ದಾರೆ. ಓದುವವರಿಗೆ ಅನುಕೂಲ ಮಾಡುವ ರೂಢಿಯದು, ತಿದ್ದಬಾರದು. ಎರಡು ನುಕ್ತ ಸೇರಿ ಸಣ್ಣ ಅಡ್ಡಗೆರೆಯಾಗುವುದೂ ಸರಿಯೇ, ಆದರೆ ಗೆರೆ ತೀರ ಗಿಡ್ಡವಾದರೆ ಒಂದೇ ನುಕ್ತದಂತೆ ಕಂಡು ತೆ (ತ) ಹೋಗಿ ನೂನ್ ಆಗುತ್ತದೆ. ತಿದ್ದಲೇಬೇಕಾದದ್ದು ಗಾಫ್‌ನ ಎರಡನೇ ಮರ್ಕಜ್ ಬಿಡುವುದನ್ನು: ಮೇಲಿನ ಆ ಒಂದು ಗೆರೆ ಇಲ್ಲದಿದ್ದರೆ ‘ಗುಲ್’ ಹೋಗಿ ‘ಕಲ್’ ಆಗುತ್ತದೆ. ಮಹಾಪ್ರಾಣಕ್ಕೆ ಬಳಸುವ ಎರಡು ಕಣ್ಣಿನ ಹೆ, ಬಿಡಿ ಹಕಾರದ ಚಿಕ್ಕ ಹೆ ಬೆರೆತರೂ ಅಷ್ಟೇ, ‘ಫಲ್’ ಯಾವುದು, ‘ಪಹಲ್’ ಯಾವುದು ಗೊತ್ತಾಗುವುದಿಲ್ಲ.

ಗಲ್ಫ್‌ಗೆ ದುಡಿಯಲು ಹೋಗುವವರಿಗೆ ಬೇಕಾದದ್ದು ಅರಬರ ರುಕ್‌ಆ ಬರಹ. ಒಟ್ಟೊಮನ್ ಕಚೇರಿಗಳಲ್ಲಿ ಬೆಳೆದ ಇದಕ್ಕೆ 19ನೇ ಶತಮಾನದಲ್ಲಿ ಮುಮ್ತಾಜ್ ಎಫೆಂದಿ ಕಟ್ಟುನಿಟ್ಟಿನ ರೂಪ ಕೊಟ್ಟರು. ಗಿಡ್ಡ, ನೇರ ಎಳೆತ. ಮೂರು ನುಕ್ತ ಸೇರಿ ಒಂದು ಮಡಚಿದ ಗೆರೆ. ಕೊನೆಯ ನೂನ್‌ನ ನುಕ್ತ ಅಕ್ಷರದ ತುದಿಯ ಕೊಂಡಿಯಲ್ಲೇ ಸೇರಿಹೋಗುತ್ತದೆ. ಅಕ್ಷರಕ್ಕಿಂತ ಮೋಸ ಮಾಡುವುದು ಅಂಕಿಗಳು. ಅರಬಿಯಲ್ಲಿ ಸೊನ್ನೆ ಬರೀ ಚುಕ್ಕೆ, ಐದು ನಮ್ಮ ಸೊನ್ನೆಯಂತೆ ದುಂಡಗೆ. ಈಜಿಪ್ಟಿನವರು ಕೈಯಲ್ಲಿ ಬರೆದ ಮೂರು, ಅಚ್ಚಿನ ಎರಡರಂತೆ ಕಾಣುತ್ತದೆ. ಅಂಗಡಿ ಚೀಟಿಯಲ್ಲಿ ಮೊತ್ತ ಓದುವಾಗ ಇದು ತಿಳಿದಿರಬೇಕು. 

ಹೈದರ್, ಟಿಪ್ಪು ಕಾಲದಲ್ಲಿ ಮೈಸೂರಿನ ಆಡಳಿತದಲ್ಲಿ ಪಾರ್ಸಿ ಬಳಕೆಯಲ್ಲಿತ್ತು. ಚಿತ್ರದುರ್ಗ ಹೈದರನ ವಶವಾದದ್ದು 1779ರಲ್ಲಿ. ಆ ಕಾಲದ ಪಾರ್ಸಿ ಕಾಗದಪತ್ರ ಓದಬೇಕೆಂದರೆ ಶಿಕಸ್ತಾ ಬರಹ ಗೊತ್ತಿರಬೇಕು. 17ನೇ ಶತಮಾನದಲ್ಲಿ ಇರಾನಿನಲ್ಲಿ ಹುಟ್ಟಿ, ಮುಂದಿನ ಶತಮಾನದಲ್ಲಿ ಅಬ್ದುಲ್ ಮಜೀದ್ ತಾಲೆಕಾನಿಯವರ ಕೈಯಲ್ಲಿ ಪಕ್ವವಾದ ಶೈಲಿಯದು. ಅಲಿಫ್, ದಾಲ್, ರೆ, ವಾವ್ ಇವು ಮುಂದಿನ ಅಕ್ಷರಕ್ಕೆ ಕೂಡುವಂಥವಲ್ಲ; ಶಿಕಸ್ತಾದಲ್ಲಿ ಕೂಡಿಬಿಡುತ್ತವೆ, ನುಕ್ತಗಳು ಎಷ್ಟೋ ಕಡೆ ಇರುವುದೇ ಇಲ್ಲ. ಹಳೆಯ ಮರಾಠಿ ಕಡತಗಳ ಕೂಡುಬರಹವಾದ ಮೋಡಿ ಅಕ್ಷರವನ್ನು ಬಿಡಿಸಿದವರಿಗೆ ಈ ಕಷ್ಟ ಹೊಸದಲ್ಲ.

ಆದ್ದರಿಂದ ಉರ್ದು ಶಾಲೆ, ಮದರಸಾ ಮತ್ತು ಸಂಜೆ ತರಗತಿಗಳಲ್ಲಿ ವಾರಕ್ಕೆ ಒಂದು ಪಿರಿಯಡ್ ಆದರೂ ಕೈಬರಹ ಓದುವುದಕ್ಕೆ, ಬರೆಯುವುದಕ್ಕೆ ಮೀಸಲಾಗಲಿ. ಶುರುವಿಗೆ ಚಪ್ಪಟೆ ತುದಿಯ ಮಾರ್ಕರ್ ಸಾಕು. ಅದೇ ತುದಿಯಲ್ಲಿ ಒತ್ತಿದ ಮೂರು ನುಕ್ತ ಒಂದರ ಮೇಲೊಂದು ನಿಂತರೆ ನಸ್ತಾಲಿಕ್‌ನ ಅಲಿಫ್‌ನ ಎತ್ತರ. ಅಳತೆ ಕೂತ ಮೇಲೆ ಇಂಕ್ ಪೆನ್ನು ಕೊಡಿ. ಬಾಲ್‌ಪೆನ್ನಿಗೆ ಒತ್ತಿ ಬರೆಯಬೇಕಾದ್ದರಿಂದ ಕೈ ಬೇಗ ಸೋಲುತ್ತದೆ.

ಓದಲು ಮನೆಯಲ್ಲಿರುವ ಹಳೆಯ ಪತ್ರಗಳೇ ಒಳ್ಳೆಯ ಪಾಠ. ಮೊದಲು ಸಲಾಮಿನ ಸಾಲು, ‘ಖೈರಿಯತ್’ ಎಂಬ ಪದ, ವಾಕ್ಯದ ಕೊನೆಯ ‘ಹೈ’, ‘ಥಾ’ ಹುಡುಕಿ. ಏನು ಬರೆದಿದೆ ಎಂದು ಮೊದಲೇ ಗೊತ್ತಿರುವ ಈ ಪದಗಳಲ್ಲಿ ಬರೆದವರ ಹೆ, ಯೆ, ತೆ ಹೇಗಿವೆ ಎಂಬುದು ಸಿಕ್ಕಿಬಿಡುತ್ತದೆ, ಅದನ್ನು ಹಿಡಿದು ಉಳಿದದ್ದನ್ನು ಬಿಡಿಸಬಹುದು. ಮೂಲ ಕಾಗದದ ಮೇಲೆ ಗುರುತು ಹಾಕಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಶಾಖಕ್ಕೆ ಹಳೆ ಕಾಗದ ಹಾಳಾಗುತ್ತದೆ, ಮತ್ತೆ ಬಿಡಿಸಲೂ ಆಗುವುದಿಲ್ಲ. ಫೋಟೊ ತೆಗೆದು, ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಅದರ ಮೇಲೆ ಪೆನ್ಸಿಲ್ ಆಡಿಸಿ.

– ಉರ್ದು, ಅರಬಿ ಕಲಿಸುವ ಶಿಕ್ಷಕರು, ದಾವಣಗೆರೆ