ಪಿನಾಟುಬೊಗೆ ಹೊರಟ ಮಗಳಿಗೆ

ಪುಟ್ಟಿ,

ಫಿಲಿಪ್ಪೀನ್ಸ್‌ನಲ್ಲಿ ಪಿನಾಟುಬೊ ಹತ್ತುತ್ತೇನೆ ಅಂದೆಯಲ್ಲ, ಅವತ್ತಿನಿಂದ ಆ ಬೆಟ್ಟದ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಬೆಳಿಗ್ಗೆ ಹೋಗಿ ಸಂಜೆಗೆ ಬರೋ ಚಾರಣ, ಭಯ ಬೇಡ ಅಂತ ನೀನು ಹೇಳಿದೆ. ಭಯ ಇಲ್ಲ. ಆದರೆ ಹತ್ತುವ ಮುಂಚೆ ಕೆಲವು ವಿಷಯ ನಿನಗೆ ಗೊತ್ತಿರಬೇಕು ಅನ್ನಿಸಿತು.

ಬೆಟ್ಟದ ಮೇಲೆ ನೀನು ನೋಡಲಿರುವ ಕೆರೆ ವಯಸ್ಸಿನಲ್ಲಿ ನನಗಿಂತ ಚಿಕ್ಕದು. ಆ ಬೆಟ್ಟ ಒಂದು ಜ್ವಾಲಾಮುಖಿ; ಸುಮಾರು 500 ವರ್ಷ ತೆಪ್ಪಗಿದ್ದು 1991ರ ಜೂನ್ 15ರಂದು ಭಾರಿಯಾಗಿ ಸಿಡಿಯಿತು. ಬೆಟ್ಟದ ತುದಿಯೇ ಒಳಕ್ಕೆ ಕುಸಿದು, ಎರಡೂವರೆ ಕಿಲೋಮೀಟರ್ ಅಗಲದ ಕುಳಿ ಬಿತ್ತು. ಆಮೇಲೆ ಅದರಲ್ಲಿ ಮಳೆನೀರು ನಿಂತು ಕೆರೆಯಾಯಿತು. ಅವತ್ತೇ ಚಂಡಮಾರುತ ಬೇರೆ! ಬೂದಿ ಮಳೆಗೆ ನೆನೆದು ಭಾರವಾಗಿ ಮನೆಗಳ ಚಾವಣಿಗಳು ಕುಸಿದವು. ನೂರಾರು ಜನ ಸತ್ತರು. ವಿಜ್ಞಾನಿಗಳು ಮೊದಲೇ ಎಚ್ಚರಿಸಿ ಊರುಗಳನ್ನು ಖಾಲಿ ಮಾಡಿಸದಿದ್ದರೆ ಇನ್ನೂ ಸಾವಿರಾರು ಜನ ಹೋಗುತ್ತಿದ್ದರು.

ಜೀಪಿನಲ್ಲಿ ದಾಟುವ ಬೂದುಬಣ್ಣದ ಬಯಲೆಲ್ಲ ಅವತ್ತು ಸುರಿದ ಬೂದಿ ಮತ್ತು ಕಲ್ಲೇ. ಇಳಿದಾಗ ಒಂದು ಕಲ್ಲು ಎತ್ತಿ ನೋಡು. ಗಾತ್ರ ನೋಡಿ ಭಾರ ಇರುತ್ತೆ ಅಂದುಕೊಳ್ಳುತ್ತೀಯ, ಕೈಗೆ ಏನೂ ಅನ್ನಿಸುವುದೇ ಇಲ್ಲ. ಮೈತುಂಬ ಸಣ್ಣ ಸಣ್ಣ ತೂತು. ಕರಗಿದ ಕಲ್ಲಿನೊಳಗಿದ್ದ ಅನಿಲ ನೊರೆ ಎದ್ದು, ಹಾಗೇ ಗಟ್ಟಿಯಾದದ್ದು ಅದು. ನೀರಿಗೆ ಹಾಕಿದರೆ ತೇಲುತ್ತೆ. ಜೋರು ಮಳೆ ಬಂದರೆ ಇದೇ ಬೂದಿ ಕೆಸರಾಗಿ ಹೊಳೆಯ ಹಾಗೆ ನುಗ್ಗುತ್ತದೆ. ಸಿಡಿತ ನಿಂತು ಎಷ್ಟೋ ವರ್ಷಗಳವರೆಗೂ ಆ ಕೆಸರು ಊರುಗಳನ್ನು ಹೂತುಹಾಕಿತು. 2001ರಲ್ಲಿ ಕೆರೆ ಒಡೆದೀತು ಅಂತ ಹೆದರಿ, ಅಂಚಿನಲ್ಲಿ ಕಾಲುವೆ ತೋಡಿ ನೀರು ಬಿಡಬೇಕಾಯಿತು.

ಅದಕ್ಕೇ ಹೇಳೋದು, ಮೋಡ ನೋಡಿ ಗೈಡ್ ವಾಪಸ್ ಹೋಗೋಣ ಅಂದರೆ ಕೆರೆ ಇನ್ನು ಹತ್ತೇ ನಿಮಿಷ ದೂರವಿದ್ದರೂ ವಾದ ಮಾಡಬೇಡ. ಕೆರೆಗೆ ಇಳಿಯಬೇಡ ಅಂದರೂ ಅಷ್ಟೇ. ಅಲ್ಲಿನ ಗೈಡ್‌ಗಳಲ್ಲಿ ಅಯ್ಟಾ ಜನರೂ ಇರುತ್ತಾರೆ. ತಲೆಮಾರುಗಳಿಂದ ಆ ಬೆಟ್ಟದ ಮೈಮೇಲೇ ಬದುಕಿದವರು. 1991ರ ಏಪ್ರಿಲ್‌ನಲ್ಲಿ ಹಬೆ ಏಳುವುದನ್ನು ಕಂಡು ವಿಜ್ಞಾನಿಗಳಿಗೆ ಸುದ್ದಿ ಮುಟ್ಟಿಸಿದ್ದೂ ಅವರೇ. ಕಾಡು, ಗದ್ದೆ, ಮನೆ ಎಲ್ಲ ಬೂದಿಯಡಿ ಹೋದ ಮೇಲೂ ಎಷ್ಟೋ ಜನ ಅಲ್ಲಿಗೇ ಮರಳಿದರು.

ಫೋಟೋ ಜಾಸ್ತಿ ತೆಗೀಬೇಡ ಅಂತ ನಾನು ಹೇಳುವುದಿಲ್ಲ, ತೆಗಿ. ಆದರೆ ದಾರಿಯಲ್ಲಿ ಅವರ ಜೊತೆ ಮಾತಾಡು. ಅವರ ಮನೆಯವರು ಆಗ ಯಾವ ಕಡೆ ಇದ್ದರು, ಹೇಗೆ ಇಳಿದು ಬಂದರು ಅಂತ ಅವರಿಗೆ ಹೇಳೋ ಮನಸ್ಸಿದ್ದರೆ ಕೇಳು. ಏನು ಹೇಳಿದರು ಅಂತ ನನಗೆ ಬರೆದು ಕಳಿಸು.

ಪ್ರೀತಿಯಿಂದ,
ಅಮ್ಮ